ಕೆಲಸ ಬಿಡುವ ಮುನ್ನ ಮಾಡಬೇಕಾದ ಕೆಲಸಗಳು

ರಾಜೀನಾಮೆ ಪತ್ರ ಬರೆಯಲು ಹತ್ತು ನಿಮಿಷ ಸಾಕು. ಆದರೆ ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ. ಬೇಸರ ಹಿಡಿಸಿದ ನೌಕರಿ ಬಿಟ್ಟು ಮನಸ್ಸಿಗೊಪ್ಪುವ ಕೆಲಸ ಹುಡುಕಿಕೊಂಡು ಹೊರಟವರಿಗೆ ಧೈರ್ಯದ ಕೊರತೆ ಇರುವುದಿಲ್ಲ. ಮೊದಲೇ ಹಾಕಬೇಕಿದ್ದ ಲೆಕ್ಕವನ್ನು ಬಿಟ್ಟಮೇಲೆ ಹಾಕಲು ಕೂತು ಕಂಗಾಲಾಗುವವರೇ ಹೆಚ್ಚು.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಖಾಸಗಿ ಕಂಪನಿಗಳಲ್ಲಿ ದುಡಿಯುತ್ತ, ಮನೆಸಾಲದ ಕಂತು, ಮಕ್ಕಳ ಶಾಲೆ, ಅಪ್ಪ–ಅಮ್ಮನ ಔಷಧಿ ಎಲ್ಲವನ್ನೂ ತಿಂಗಳ ಸಂಬಳದಲ್ಲಿ ತೂಗಿಸುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ‘ಇದ್ದದ್ದರಲ್ಲೇ ಸುಧಾರಿಸಿಕೊಂಡು ಹೋಗಿ’ ಎಂದು ಬುದ್ಧಿ ಹೇಳುವುದು ನನ್ನ ಉದ್ದೇಶವಲ್ಲ. ದಿನಾ ಬೆಳಿಗ್ಗೆ ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡು ಲಾಗಿನ್ ಆಗುವ ಬದುಕನ್ನು ಯಾರೂ ಅರವತ್ತರವರೆಗೆ ಎಳೆಯಬೇಕಾಗಿಲ್ಲ. ಬಿಡಿ, ಖಂಡಿತ ಬಿಡಿ. ಬಿಟ್ಟಮೇಲೆ ಮತ್ತೆ ಅದೇ ಸಂಕಟಕ್ಕೆ, ಇನ್ನೂ ಕಡಿಮೆ ಸಂಬಳಕ್ಕೆ ಮರಳಬೇಕಾಗದಂತೆ ಬಿಡಿ.

ಬೇಸರ ಯಾವುದರ ಮೇಲೆ?

ಒಂದು ನೋಟ್‌ಬುಕ್ ಇಟ್ಟುಕೊಂಡು ಎರಡು ತಿಂಗಳು ಪ್ರತಿ ಸಂಜೆ ಎರಡೇ ಸಾಲು ಬರೆಯಿರಿ. ಇವತ್ತು ಯಾವ ಹೊತ್ತಿನಲ್ಲಿ ಜೀವ ಹಿಂಡಿದಂತಾಯಿತು? ಯಾವ ಹೊತ್ತು ಸರಿದದ್ದೇ ಗೊತ್ತಾಗಲಿಲ್ಲ? ಬೇಸರದ ಮೂಲ ಒಂದೆರಡು ದಿನದಲ್ಲಿ ಸಿಗದು, ಎರಡು ತಿಂಗಳಾದರೆ ತಾನಾಗಿ ಕಣ್ಣಿಗೆ ಬೀಳುತ್ತದೆ.

ಪುಟಗಳ ತುಂಬ ಸಿಲ್ಕ್ ಬೋರ್ಡ್, ಔಟರ್ ರಿಂಗ್ ರೋಡ್, ತಪ್ಪಿಹೋದ ಬಸ್ಸು ಇವೇ ಇದ್ದರೆ ನಿಮ್ಮನ್ನು ತಿನ್ನುತ್ತಿರುವುದು ಓಡಾಟ. ಅದಕ್ಕೆ ಮನೆ ಬದಲಿಸಿದರೆ ಸಾಕಾಗಬಹುದು, ವೃತ್ತಿ ಬದಲಿಸಬೇಕಾಗಿಲ್ಲ. ಒಬ್ಬನೇ ಮ್ಯಾನೇಜರ್‌ನ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಬೇರೆ ತಂಡವೋ ಬೇರೆ ಕಂಪನಿಯೋ ಪರಿಹಾರವಾಗಬಹುದು. ಒಳ್ಳೆಯ ಮ್ಯಾನೇಜರ್, ಒಳ್ಳೆಯ ಸಂಬಳ, ಹತ್ತಿರದ ಆಫೀಸು ಎಲ್ಲ ಇದ್ದೂ ಆ ಕೆಲಸದ ತಿರುಳೇ ರುಚಿಸುತ್ತಿಲ್ಲವೆಂದರೆ, ಅಂದರೆ ಟೆಸ್ಟಿಂಗೋ ಆಡಿಟ್ಟೋ ಸೇಲ್ಸ್ ಟಾರ್ಗೆಟ್ಟೋ ಇನ್ನು ಸಾಕು ಅನ್ನಿಸಿದ್ದರೆ, ಆಗ ಈ ಲೇಖನದ ಉಳಿದ ಭಾಗ ನಿಮಗಾಗಿ.

ಇನ್ನೊಂದು ಬಗೆಯ ಪುಟವೂ ಇರುತ್ತದೆ. ರಜೆಯಲ್ಲೂ ಮನಸ್ಸಿಗೆ ಸುಖವಿಲ್ಲ, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಮಕ್ಕಳ ಆಟ ನೋಡಿದರೂ ಏನೂ ಅನ್ನಿಸುವುದಿಲ್ಲ. ಇದು ಬರೀ ನೌಕರಿಯ ಬೇಸರ ಆಗಿರಲಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸೇರಿಸಿತು, ಕಾಯಿಲೆ ಎಂದು ಕರೆಯಲಿಲ್ಲ. ಖಿನ್ನತೆ ಮಾತ್ರ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಎರಡರ ನಡುವಿನ ಗೆರೆ ಎಳೆಯಬೇಕಾದವರು ವೈದ್ಯರು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಸ್ಥಿತಿಯಲ್ಲಿ ಇರುವಾಗ ರಜೆ ತೆಗೆದುಕೊಳ್ಳಿ, ರಾಜೀನಾಮೆ ಮಾತ್ರ ಬೇಡ.

ಸಂಬಳ ಬರುತ್ತಿರುವಾಗಲೇ ಮಾಡಿ ನೋಡಿ

ಕನಸಿನಲ್ಲಿ ಎಲ್ಲ ಕೆಲಸವೂ ಚೆಂದ. ಹೋಳಿಗೆ ಮನೆ ಇಡಬೇಕೆನ್ನುವವರ ಕಣ್ಣ ಮುಂದೆ ಬಿಸಿ ಹೆಂಚಿನ ಮೇಲಿನ ತುಪ್ಪದ ಹೋಳಿಗೆ ಮತ್ತು ಅಂಗಡಿ ಮುಂದಿನ ಸಾಲು ಇರುತ್ತದೆ. ನಸುಕಿನಲ್ಲೆದ್ದು ಬೇಳೆ ಬೇಯಿಸುವುದು, ಕಟ್ಟು ಬಸಿಯುವುದು, ಬೆಲ್ಲ ಕರಗಿಸಿ ಶೋಧಿಸುವುದು, ಹೂರಣ ನೀರಾಗದಂತೆ ಕಾಯಿಸುತ್ತ ಕೈ ಬಿಡದೆ ತಿರುವುವುದು, ಕಣಕ ನಾದಿ ಎಣ್ಣೆಯಲ್ಲಿ ನೆನೆಯಿಡುವುದು, ಹೆಂಚಿನ ಮುಂದೆ ಸತತ ನಿಲ್ಲುವುದು, ಸಂಜೆ ಮಳೆ ಬಂದು ಗಿರಾಕಿಯೇ ಬಾರದೆ ಉಳಿದ ಹೂರಣಕ್ಕೆ ದಾರಿ ಹುಡುಕುವುದು, ಇವೆಲ್ಲ ಸೇರಿದರೆ ಆ ಕೆಲಸ. ಇಷ್ಟೂ ಆದಮೇಲೂ ಮರುದಿನ ಏಳಲು ಮನಸ್ಸಾದರೆ ಅದು ನಿಮ್ಮ ಕೆಲಸವೇ.

ಅದನ್ನು ತಿಳಿಯಲು ನೌಕರಿ ಬಿಡಬೇಕಾಗಿಲ್ಲ. ಶನಿವಾರ–ಭಾನುವಾರ ನಿಮ್ಮದೇ ಅಪಾರ್ಟ್‌ಮೆಂಟಿನವರಿಂದ ಆರ್ಡರ್ ತೆಗೆದುಕೊಂಡು, ದುಡ್ಡು ತೆಗೆದುಕೊಂಡೇ ಮಾಡಿಕೊಡಿ. ಪುಕ್ಕಟೆ ಕೊಟ್ಟರೆ ಎಲ್ಲರೂ ಹೊಗಳುತ್ತಾರೆ. ಎರಡನೇ ವಾರವೂ ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು ಜನ ಎನ್ನುವುದೇ ಲೆಕ್ಕ. ಬೇಳೆ, ಬೆಲ್ಲ, ತುಪ್ಪ, ಗ್ಯಾಸು, ಡಬ್ಬಿಯ ಜೊತೆ ನಿಮ್ಮ ಕೂಲಿಯನ್ನೂ ಬರೆದುಕೊಳ್ಳಿ. ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ‘ಲಾಭ’ ಕಂಡ ಉದ್ಯಮಗಳು ಮನೆಯವರಿಗೆ ಸುಸ್ತಾದ ದಿನ ನಿಂತುಹೋಗುತ್ತವೆ. ಮನೆಯಲ್ಲೇ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಒಂದು ಎಚ್ಚರಿಕೆ. ನೌಕರಿಯಲ್ಲಿರುವಾಗ ಬೇರೆ ದುಡಿಮೆ ಮಾಡಬಾರದೆಂಬ ಷರತ್ತು ಬಹಳಷ್ಟು ಕಂಪನಿಗಳ ನೇಮಕಾತಿ ಪತ್ರದಲ್ಲಿರುತ್ತದೆ. ಸೇರಿದ ದಿನ ಸಹಿ ಹಾಕಿ ಇಟ್ಟ ಆ ಪತ್ರವನ್ನು ಹುಡುಕಿ ತೆಗೆದು ಓದಿ. ಷರತ್ತು ಇದ್ದರೆ ಲಿಖಿತ ಅನುಮತಿ ಕೇಳಿ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಹೊಸ ಕೆಲಸದ ಒಂದು ಫೈಲೂ ಇರಬಾರದು.

ಕಲಿಯಲು ನಮ್ಮಲ್ಲೇ ಒಳ್ಳೆಯ ಜಾಗಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಕ–ಯುವತಿಯರಿಗೆ ಊಟ–ವಸತಿ ಸಹಿತ ಉಚಿತ ಸ್ವಉದ್ಯೋಗ ತರಬೇತಿ ಕೊಡುತ್ತ ಬಂದಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಬ್ಯಾಂಕುಗಳು ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳನ್ನು ನಡೆಸುತ್ತಿವೆ. ಆಹಾರ ಸಂಸ್ಕರಣೆಗೆ ಮೈಸೂರಿನ ಸಿಎಫ್‌ಟಿಆರ್‌ಐ ಅಲ್ಪಾವಧಿ ಕೋರ್ಸುಗಳನ್ನು, ತೋಟಗಾರಿಕೆ ಮತ್ತು ಅಣಬೆಗೆ ಹೆಸರಘಟ್ಟದ ಐಐಎಚ್‌ಆರ್ ತರಬೇತಿಗಳನ್ನು ನಡೆಸುತ್ತದೆ. ಸಾವಿರಾರು ರೂಪಾಯಿ ಕೇಳುವ ಆನ್‌ಲೈನ್ ‘ಯಶಸ್ಸಿನ ಕಾರ್ಯಾಗಾರ’ಗಳಿಗೆ ಹೋಗುವ ಮೊದಲು ಇವುಗಳ ಬಾಗಿಲು ತಟ್ಟಿ.

ಊರಿಗೆ ಹೋಗಿ ಬೇಸಾಯ ಮಾಡುತ್ತೇನೆ ಎನ್ನುವವರಿಗೆ ಸ್ವಲ್ಪ ಹೆಚ್ಚು ಹೇಳಬೇಕು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೋದಮೇಲೆ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳುವುದು ಸುಲಭವಾಯಿತೆಂದು ಅವಸರ ಬೇಡ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ ಮೂರನ್ನೂ ವಕೀಲರಿಗೆ ತೋರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾಡಿಕೊಂಡ ಕ್ರಯ ನಿಲ್ಲುವುದಿಲ್ಲ. ಬೆಳೆಯ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಡಿಕೆ ಸಸಿ ಇಟ್ಟರೆ ಫಸಲು ಕಾಣಲು ಐದಾರು ವರ್ಷವಾದರೂ ಬೇಕು. ಆಮೇಲೂ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಕೊನೆ ಇಳಿಸಲು ಮರ ಹತ್ತುವವರು ಸಿಗಬೇಕು. ಎಲೆಚುಕ್ಕೆ ರೋಗ ಮಲೆನಾಡಿನ ಎಷ್ಟು ತೋಟಗಳನ್ನು ಬಡವಾಗಿಸಿದೆ ಎನ್ನುವುದನ್ನು ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಬೆಳೆಗಾರರನ್ನೇ ಕೇಳಿ. ತೋಟವನ್ನು ಡಿಸೆಂಬರಿನಲ್ಲಿ ನೋಡಿ ಮೆಚ್ಚಿದವರು ಏಪ್ರಿಲ್‌ನಲ್ಲಿ ಬಾವಿಯ ನೀರನ್ನೂ ಜುಲೈನಲ್ಲಿ ಹೋಗುವ ದಾರಿಯನ್ನೂ ನೋಡಿ ಬಂದು ಆಮೇಲೆ ಮುಂಗಡ ಕೊಡಲಿ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರನ್ನು ಇಂಥ ಮಾತುಗಳಲ್ಲಿ ಎಲ್ಲರೂ ಎತ್ತುತ್ತಾರೆ. ಸೈನ್ಯ ಬಿಟ್ಟು ಬಂದವರು ಏರ್ ಡೆಕ್ಕನ್ ಕಟ್ಟಿದರು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ನಡುವಿನ ಕಾಲವನ್ನು ಯಾರೂ ಹೇಳುವುದಿಲ್ಲ. ಹೇಮಾವತಿ ಜಲಾಶಯದಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಬರಡು ಭೂಮಿಯಲ್ಲಿ ಅವರು ವರ್ಷಗಟ್ಟಲೆ ಬೇಸಾಯ ಮಾಡಿದರು. ಹೈನುಗಾರಿಕೆ, ಕೋಳಿ, ರೇಷ್ಮೆ ಮಾಡಿದರು, ಹಾಸನದಲ್ಲಿ ಬೈಕ್ ಡೀಲರ್‌ಶಿಪ್ ಮತ್ತು ಹೋಟೆಲ್ ನಡೆಸಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ ರೋಲೆಕ್ಸ್ ಪ್ರಶಸ್ತಿ ಬಂದದ್ದು 1996ರಲ್ಲಿ, ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಸಮವಸ್ತ್ರ ಕಳಚಿದ್ದಕ್ಕೂ ಅದಕ್ಕೂ ನಡುವೆ ಎರಡು ದಶಕಕ್ಕಿಂತ ಹೆಚ್ಚು ಕಾಲವಿದೆ. ಅವರಿಂದ ಕಲಿಯಬೇಕಾದದ್ದು ಆ ಇಪ್ಪತ್ತು ವರ್ಷಗಳಲ್ಲಿದೆ.

ದುಡ್ಡಿನ ಲೆಕ್ಕ

ಮನೆ ಖರ್ಚು ಎಷ್ಟೆಂದು ಕೇಳಿದರೆ ನಾವೆಲ್ಲ ಕಡಿಮೆಯೇ ಹೇಳುತ್ತೇವೆ. ಬಾಡಿಗೆ, ದಿನಸಿ, ಕರೆಂಟು, ಪೆಟ್ರೋಲು ನೆನಪಿಗೆ ಬರುತ್ತವೆ. ವರ್ಷಕ್ಕೊಮ್ಮೆ ಬರುವ ಶಾಲೆಯ ಫೀಸು, ವಿಮೆಯ ಕಂತು, ಗೌರಿ–ಗಣೇಶ, ದೀಪಾವಳಿ, ನೆಂಟರ ಮದುವೆ, ಗಾಡಿ ರಿಪೇರಿ ಮರೆತುಹೋಗುತ್ತವೆ. ಆದ್ದರಿಂದ ನೆನಪನ್ನು ನಂಬಬೇಡಿ. ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂಡಿ.

ಉದಾಹರಣೆಗೆ, ತಿಂಗಳ ಖರ್ಚು 65,000 ರೂಪಾಯಿ ಎನ್ನುವ ಮನೆಯಲ್ಲಿ ವರ್ಷದ ಬಿಡಿ ಖರ್ಚುಗಳು 2,40,000 ಆದರೆ ನಿಜವಾದ ತಿಂಗಳ ಖರ್ಚು 85,000. ವರ್ಷಕ್ಕೆ 10,20,000. ಮನೆಯಲ್ಲಿ ಇನ್ನೊಂದು ಸಂಬಳ ಇಲ್ಲದಿದ್ದರೆ ಇಷ್ಟು ಹಣ ಕೈಗೆಟುಕುವಂತಿರಬೇಕು ಎನ್ನುವುದು ನನ್ನ ಅಭಿಪ್ರಾಯ. ಗಂಡನೋ ಹೆಂಡತಿಯೋ ದುಡಿಯುತ್ತಿದ್ದರೆ ಆರು ತಿಂಗಳಿನದು ಸಾಕು. ಇದು ಷೇರಿನಲ್ಲಿ ಬೇಡ, ಬ್ಯಾಂಕ್ ಠೇವಣಿಯಲ್ಲಿರಲಿ. ಹೊಸ ಉದ್ಯಮಕ್ಕೆ ಹಾಕುವ ಬಂಡವಾಳ ಇದರಿಂದ ಹೊರಗೆ.

ಇನ್ನೂ ಒಳ್ಳೆಯ ಪರೀಕ್ಷೆಯೊಂದಿದೆ. ಮುಂದಿನ ಕೆಲಸದಲ್ಲಿ ತಿಂಗಳಿಗೆ 40,000 ಬರಬಹುದು ಎಂದುಕೊಂಡಿದ್ದರೆ, ಈಗಲೇ ಮೂರು ತಿಂಗಳು 40,000ದಲ್ಲಿ ಮನೆ ನಡೆಸಿ. ಉಳಿದ ಸಂಬಳವನ್ನು ಬೇರೆ ಖಾತೆಗೆ ಹಾಕಿ ಮುಟ್ಟಬೇಡಿ. ನಡೆಸಲು ಆಯಿತೋ ಇಲ್ಲವೋ ಎನ್ನುವುದು ಆಗ ಇಡೀ ಮನೆಗೆ ಗೊತ್ತಾಗುತ್ತದೆ. ಠೇವಣಿಯೂ ಬೆಳೆದಿರುತ್ತದೆ.

ಸಾಲದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕ್ರೆಡಿಟ್ ಕಾರ್ಡಿನ ಬಾಕಿ ಮತ್ತು ವೈಯಕ್ತಿಕ ಸಾಲ ತೀರದೆ ಬಿಡಬೇಡಿ. ಸ್ವಂತ ದುಡಿಮೆಗೆ ಇಳಿದಮೇಲೆ ಬ್ಯಾಂಕುಗಳು ಸಾಲ ಕೊಡುವ ಮೊದಲು ಸಾಮಾನ್ಯವಾಗಿ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತವೆ. ಮನೆಸಾಲದ ಕಂತು ದೊಡ್ಡದಿದ್ದರೆ ಅವಧಿ ಹೆಚ್ಚಿಸಿ ಕಂತು ಇಳಿಸುವ ಮಾತುಕತೆಯನ್ನು ಸಂಬಳದ ಸ್ಲಿಪ್ ಕೈಯಲ್ಲಿರುವಾಗಲೇ ಮುಗಿಸಿ.

ಗ್ರಾಚುಯಿಟಿ ಬಗ್ಗೆ ತಿಳಿಯದೆ ಹಣ ಕಳೆದುಕೊಳ್ಳುವುದು ಸುಲಭ. ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆಯಾದರೆ ಇದು ಹಕ್ಕು. ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳನ್ನು 26 ದಿನವೆಂದು ಹಿಡಿದು ಲೆಕ್ಕ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 40,000 ಇದ್ದು ಎಂಟು ವರ್ಷ ದುಡಿದಿದ್ದರೆ 40,000ವನ್ನು 15ರಿಂದಲೂ 8ರಿಂದಲೂ ಗುಣಿಸಿ 26ರಿಂದ ಭಾಗಿಸಿ. 1,84,615 ರೂಪಾಯಿ ಬರುತ್ತದೆ. ಐದು ವರ್ಷಕ್ಕೆ ಮೂರು ತಿಂಗಳು ಬಾಕಿ ಇರುವವರು ಹಲ್ಲು ಕಚ್ಚಿಕೊಂಡು ಆ ಮೂರು ತಿಂಗಳು ಕಳೆಯಿರಿ.

ಪಿಎಫ್ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಬಹಳ. ಕೆಲಸ ಬಿಟ್ಟ ಕೂಡಲೇ ಬಡ್ಡಿ ನಿಲ್ಲುತ್ತದೆ, ಅದಕ್ಕೇ ತೆಗೆದುಬಿಡಬೇಕು ಎನ್ನುವುದು ಅದರಲ್ಲೊಂದು. ನಲವತ್ತರ ಆಸುಪಾಸಿನಲ್ಲಿ ಬಿಟ್ಟವರ ಖಾತೆಗೂ ಬಡ್ಡಿ ಸೇರುತ್ತಲೇ ಇರುತ್ತದೆ, ಬಿಟ್ಟಮೇಲೆ ಸೇರಿದ ಬಡ್ಡಿಗೆ ತೆರಿಗೆ ಬೀಳುತ್ತದೆ ಅಷ್ಟೆ. 2024–25ರ ದರ ಶೇ 8.25 ಇತ್ತು. ಐದು ವರ್ಷ ಸತತ ಸೇವೆ ಆಗುವ ಮೊದಲೇ ತೆಗೆದರೆ ಸಾಮಾನ್ಯವಾಗಿ ಆ ಹಣಕ್ಕೂ ತೆರಿಗೆ ಬರುತ್ತದೆ. ಪಿಎಫ್ ಪೂರ್ತಿ ಬಿಡಿಸಿಕೊಂಡು ಅಂಗಡಿ ಹಾಕುವ ಯೋಜನೆಯಂತೂ ಬೇಡ. ಕೆಲಸವಿಲ್ಲದವರು ಪೂರ್ತಿ ಹಣ ಪಡೆಯಲು ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿಂದ ಹನ್ನೆರಡು ತಿಂಗಳಿಗೆ ಏರಿಸಲು ಇಪಿಎಫ್‌ಒ ಕೇಂದ್ರ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನೀವು ಬಿಡುವ ಹೊತ್ತಿಗೆ ಯಾವ ನಿಯಮ ನಡೆಯುತ್ತಿದೆ ನೋಡಿಕೊಳ್ಳಿ.

ಪಿಎಫ್‌ಗೆ ಹೊಂದಿಕೊಂಡಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ತುಂಬಿದವರಿಗೆ 58ರ ನಂತರ ಪಿಂಚಣಿ ಸಿಗುತ್ತದೆ. ಹತ್ತು ತುಂಬದವರು ಆ ಹಣ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ, ಮುಂದೆಂದಾದರೂ ನೌಕರಿಗೆ ಸೇರಿದಾಗ ಹಳೆಯ ವರ್ಷಗಳು ಜೊತೆಗೆ ಕೂಡುತ್ತವೆ. ಪಿಎಫ್ ಜೊತೆಗೆ ಬರುವ ಇಡಿಎಲ್‌ಐ ಜೀವವಿಮೆ, ಗರಿಷ್ಠ 7 ಲಕ್ಷದ್ದು, ಸೇವೆಯಲ್ಲಿ ಇರುವವರಿಗಾಗಿ ಇರುವಂಥದ್ದು. ಅದರ ಜಾಗಕ್ಕೆ ಒಂದು ಟರ್ಮ್ ಪಾಲಿಸಿ ಬೇಕು.

ಎಲ್ಲಕ್ಕಿಂತ ಅಪಾಯದ ಜಾಗ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ನೌಕರಿಯ ಜೊತೆಗೇ ಮುಗಿಯುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವ ತಂದೆ–ತಾಯಿ ಅದೇ ವಿಮೆಯಲ್ಲಿದ್ದರೆ ಅವರ ರಕ್ಷಣೆಯೂ ಹೋಯಿತು. ಹೊಸದಾಗಿ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಆಗ ಹಳೆಯ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ. ಆದರೆ ಇದನ್ನು ಕೊನೆಯ ದಿನಕ್ಕೆ ಮೊದಲೇ ಎಚ್‌ಆರ್ ಮೂಲಕ ಶುರು ಮಾಡಬೇಕು. ನನ್ನ ಸಲಹೆ ಇನ್ನೂ ಸರಳ: ಬಿಡುವ ಯೋಚನೆ ಬಂದ ವರ್ಷವೇ ಸ್ವಂತದ್ದೊಂದು ಕುಟುಂಬ ಪಾಲಿಸಿ ಮಾಡಿಸಿ, ನೌಕರಿಯಲ್ಲಿರುವಾಗಲೇ ಕಾಯುವ ಅವಧಿ ಸವೆಯಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಹಳ್ಳಿಗೆ ಮರಳಿ ಸಹಕಾರ ಸಂಘದ ಸದಸ್ಯರಾಗುವವರು ಯಶಸ್ವಿನಿ ಯೋಜನೆಗೆ ತಾವು ಅರ್ಹರೇ ಎಂದೂ ಸಂಘದಲ್ಲಿ ವಿಚಾರಿಸಿ.

ಹೊರಗೆ ಬರುವ ಕ್ರಮ

ನೋಟಿಸ್ ಅವಧಿ ಐಟಿ ಕಂಪನಿಗಳಲ್ಲಿ ಎರಡು–ಮೂರು ತಿಂಗಳಿರುವುದು ಸಾಮಾನ್ಯ. ಸಿಟ್ಟಿನಲ್ಲಿ ಹೋಗುವುದನ್ನೇ ನಿಲ್ಲಿಸಿದರೆ ದಾಖಲೆಯಲ್ಲಿ ‘ಅಬ್‌ಸ್ಕಾಂಡಿಂಗ್’ ಎಂದು ಬೀಳುತ್ತದೆ, ಮುಂದೆ ಎಲ್ಲಿ ಅರ್ಜಿ ಹಾಕಿದರೂ ಅದು ಅಡ್ಡ ಬರುತ್ತದೆ. ಬಾಂಡ್‌ಗೆ ಸಹಿ ಹಾಕಿದ್ದರೆ ಅದನ್ನು ಹಗುರವಾಗಿ ನೋಡಬೇಡಿ. ಅವಧಿಗೆ ಮುಂಚೆ ಬಿಟ್ಟ ನೌಕರರೊಬ್ಬರು 2 ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಇನ್ನೊಂದು ಕಡೆ, ಬಿಟ್ಟಮೇಲೆ ಅದೇ ವೃತ್ತಿಯನ್ನು ಎಲ್ಲೂ ಮಾಡಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ಸಾಮಾನ್ಯವಾಗಿ ಊರ್ಜಿತವಲ್ಲ. ಕಂಪನಿಯ ಗುಟ್ಟುಗಳನ್ನು, ಗ್ರಾಹಕರ ಪಟ್ಟಿಯನ್ನು ಹೊತ್ತೊಯ್ಯಲು ಮಾತ್ರ ಯಾವ ಕಾಯ್ದೆಯೂ ಬಿಡುವುದಿಲ್ಲ.

ಕೊನೆಯ ದಿನಕ್ಕೆ ಮೊದಲು ಸಂಬಳದ ಸ್ಲಿಪ್‌ಗಳು, ಹಳೆಯ ಫಾರ್ಮ್ 16ಗಳು, ವಿಮೆಯ ಕಾಗದಗಳನ್ನು ನಿಮ್ಮ ಸ್ವಂತ ಇಮೇಲ್‌ಗೆ ತೆಗೆದಿಟ್ಟುಕೊಳ್ಳಿ, ಆಫೀಸಿನ ಖಾತೆ ಮುಚ್ಚಿದಮೇಲೆ ಅವು ಸಿಗುವುದು ಕಷ್ಟ. ರಿಲೀವಿಂಗ್ ಪತ್ರ ಮತ್ತು ಅನುಭವ ಪತ್ರ ಕೇಳಿ ಪಡೆಯಿರಿ. ಉಳಿದ ರಜೆಯ ಹಣ, ಬಾಕಿ ಬೋನಸ್ ಎಷ್ಟೆಂದು ಬರಹದಲ್ಲಿ ಕೇಳಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ತಡವಾದರೆ ಈ ನಿಯಮವನ್ನು ನಯವಾಗಿ ನೆನಪಿಸಿ.

ಮನೆಯವರ ಒಪ್ಪಿಗೆ

ಇಷ್ಟೆಲ್ಲ ಲೆಕ್ಕ ಒಬ್ಬರೇ ಕೂತು ಹಾಕುವುದಲ್ಲ. ನೌಕರಿ ಬಿಟ್ಟ ಸುದ್ದಿಯನ್ನು ಮನೆಯವರಿಗೆ ಕೊನೆಗೆ ಹೇಳುವ ಗಂಡಸರು ನಮ್ಮಲ್ಲಿ ಇದ್ದಾರೆ, ಇದು ಅನ್ಯಾಯ. ಬ್ಯಾಂಕ್ ಸ್ಟೇಟ್‌ಮೆಂಟ್ ಊಟದ ಮೇಜಿನ ಮೇಲೆ ಹರಡಿ ಇಬ್ಬರೂ ಕೂತು ನೋಡಬೇಕು. “ಒಂದು ವರ್ಷ ನಾನು ಸಂಭಾಳಿಸ್ತೀನಿ ಕಣ್ರೀ, ಆದ್ರೆ ಮುಂದಿನ ಯುಗಾದಿ ಹೊತ್ತಿಗೆ ಇಷ್ಟು ದುಡ್ಡು ಬರ್ತಿಲ್ಲ ಅಂದ್ರೆ ಮತ್ತೆ ಕೆಲಸ ನೋಡ್ತೀನಿ ಅಂತ ಈಗ್ಲೇ ಹೇಳಿ” ಎಂದು ಹೆಂಡತಿ ಕೇಳಿದರೆ ಅದು ಅಪನಂಬಿಕೆಯ ಮಾತಲ್ಲ, ಆಕೆ ಕೊಡುತ್ತಿರುವ ಬಂಡವಾಳದ ಷರತ್ತು. ಹೆಂಡತಿ ಕೆಲಸ ಬಿಡುವಾಗ ಗಂಡನಿಗೂ ಇದೇ ಮಾತು. ಆ ದಿನಾಂಕವನ್ನೂ ಆ ಮೊತ್ತವನ್ನೂ ಬರೆದಿಟ್ಟುಕೊಳ್ಳಿ. ಆ ದಿನ ಬಂದಾಗ ಹಣ ಸಾಲದಿದ್ದರೆ ಮತ್ತೆ ನೌಕರಿಗೆ ಸೇರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಳೆಯ ಸಹೋದ್ಯೋಗಿಗಳ ಜೊತೆ ಒಳ್ಳೆಯ ಮಾತಿನಲ್ಲಿ ಹೊರಬಂದಿದ್ದರೆ ಆ ಬಾಗಿಲು ತೆರೆದೇ ಇರುತ್ತದೆ.

ನಂಟರಿಷ್ಟರ ‘ಜನ ಏನಂತಾರೆ’ಗೆ ಹೆಚ್ಚು ಹೊತ್ತು ಕೊಡಬೇಡಿ. ಇಎಂಐ ಕಟ್ಟುವವರು ಅವರಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಲಾಗದು ಅನ್ನಿಸಿದರೆ ಒಂದರಿಂದ ಶುರು ಮಾಡಿ. ಈ ಭಾನುವಾರ ಇಪಿಎಫ್‌ಒ ಜಾಲತಾಣಕ್ಕೆ ಹೋಗಿ ನಿಮ್ಮ ಯುಎಎನ್ ಖಾತೆ ತೆರೆಯಿರಿ. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ, ಹಿಂದಿನ ಕಂಪನಿ ಬಿಟ್ಟ ದಿನಾಂಕ ದಾಖಲಾಗಿದೆಯೇ, ನಾಮಿನಿ ಹೆಸರು ಸೇರಿದೆಯೇ ನೋಡಿ. ತಪ್ಪಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನೌಕರಿಯಲ್ಲಿರುವಾಗ ಎಚ್‌ಆರ್ ಬಳಿ ಸುಲಭವಾಗಿ ಮುಗಿಯುವ ಈ ತಿದ್ದುಪಡಿಗೆ, ಬಿಟ್ಟಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಗಬಹುದು.